ನೀಲಗಂಗವ್ವನ ಮೌನ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನೀಲಗಂಗವ್ವ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದಾಳೆ. ಅಂದಿನಿಂದ ಅವಳ ದನಿಯ ಗುರುತು ಹತ್ತದೆ, ಮಾತು ಕೇಳಿ ತೆರೆಯುವ ಅಡುಗೆಮನೆಯ ಯಂತ್ರದ ನಲ್ಲಿ ನೀರು ಬಿಡುತ್ತಿಲ್ಲ. ನಲ್ಲಿ ಕಂಪನಿಯ ಫೋನಿನಲ್ಲಿ ದೂರು ಕೇಳುವುದೂ ಯಂತ್ರವೇ. ಒಂದು ಗಂಟೆ ತುಟಿ ಬಿಚ್ಚದವರಿಗೆ ಮಾತ್ರ ಮನುಷ್ಯರು ಸಿಗುತ್ತಾರೆಂಬುದು ನಿಯಮ.

“ನಲವತ್ತು ವರ್ಷ ಸೋಮವಾರದ ಮೌನ ಹಿಡದಾಕಿ ನಾನು. ನನ್ನ ಮುಂದ ಇದರ ಆಟ ನಡಿಯೂದಿಲ್ಲ,” ಎಂದು ಗಂಡನಿಗೆ ಹೇಳಿ, ಖಾಲಿ ಕೊಡ ಎದುರಿಗಿಟ್ಟುಕೊಂಡು ಫೋನು ಹಚ್ಚಿದಳು. ಯಂತ್ರ ಮಾತನಾಡಿರೆಂದು ಬೇಡಿತು, ಗದರಿತು, ಭಜನೆಯನ್ನೂ ಹಾಡಿತು. ಅವಳ ತುಟಿ ಅಲುಗಲಿಲ್ಲ.

ಗಂಟೆ ತುಂಬಿತು.

“ನಮಸ್ಕಾರ್ರಿ ಅವ್ವಾರ, ನಾನು ಮನಷ್ಯಾನ ಅದೀನ್ರಿ. ಏನ್ ತ್ರಾಸ ಹೇಳ್ರಿ.”

“ನೀರ ಬರವಲ್ದೋ ಯಪ್ಪಾ.”

ಫೋನು ಟಣ್ ಎಂದಿತು. “ತಾವು ಮಾತನಾಡಿದ್ದೀರಿ. ಮಾತನಾಡುವವರ ಕರೆಯನ್ನು ಯಂತ್ರಕ್ಕೆ ಮರಳಿಸಲಾಗಿದೆ. ಕನ್ನಡಕ್ಕೆ ಒಂದು ಒತ್ತಿ.”

ನೀಲಗಂಗವ್ವ ಒತ್ತಲಿಲ್ಲ. ಬಾಯಿ ಮುಚ್ಚಿಕೊಂಡು ಮತ್ತೆ ಗಡಿಯಾರ ನೋಡಿದಳು.