ಉದುರದ ಕಾಳು

ಮುರಿಗೆಪ್ಪನಿಗೆ ಮತ್ತೊಮ್ಮೆ ಬಡ್ತಿ ಬಂದಿತ್ತು, ಬೇರೆ ಊರಿಗೆ. ಈ ಸಲವೂ ಬೇಡವೆಂದು ಬರೆದುಕೊಟ್ಟು, ನೇರ ಅಡುಗೆಮನೆಗೆ ಬಂದು ತಾಟಿನ ಮುಂದೆ ಕೂತ. ಕೆಲಸ ಗೋಧಿ ತಳಿಗಳ ಸಂಶೋಧನೆ, ವಯಸ್ಸು ನಲವತ್ತರ ಹತ್ತಿರ, ಆದರೆ ಬಿಸಿ ಚಪಾತಿಗೆ ಅವ್ವನೇ ಬೇಕು.

ಅಪ್ಪ ಸಿಡುಕಿದ. "ಹಣ್ಣಾದ ಮ್ಯಾಲೆ ಮಾವಿನಕಾಯಿನೂ ಗಿಡ ಬಿಡತೈತಿ. ನೀ ಯಾವಾಗ ಮನಿ ಬಿಡಾಂವ?"

ಮಗನಿಗೆ ತನ್ನ ವಿಷಯ ಸಿಕ್ಕಿತು. "ಅಪ್ಪಾ, ಕಾಡಗೋದಿ ಹಂಗ ಮಾಡತಿತ್ತು. ತೆನಿ ಮಾಗಿದ ಕೂಡ್ಲೇ ಕಾಳೆಲ್ಲಾ ಉದುರಿ ಮಣ್ಣಪಾಲು. ಯಾವುದೋ ಕಾಲಕ್ಕ ಒಂದ ತೆನಿಯೊಳಗ ಏನೋ ಹೆಚ್ಚುಕಡಿಮಿ ಆಗಿ, ಮಾಗಿದ್ರೂ ಕಾಳು ಉದುರಲಿಲ್ಲ. ಗಟ್ಟಿ ಹಿಡಕೊಂಡು ಕುಂತಿತು. ಮಂದಿ ಅದನ್ನ ಮೆಚ್ಚಿ ಬಿತ್ತಿದ್ರು. ಇವತ್ತ ಹೊಲದಾಗಿನ ಗೋದಿ ಎಲ್ಲಾ ಅದರ ಸಂತಾನ. ಮನಿ ಬಿಡದಾಂವಗ ಬೆಲಿ ಐತಿ!"

ಮುರಿಗೆಪ್ಪ ಗೆದ್ದವನಂತೆ ಅವ್ವನ ಕಡೆ ನೋಡಿದ. ಈ ಜಗಳದಲ್ಲಿ ಅವ್ವ ಯಾವತ್ತೂ ಮಗನ ಪಕ್ಷ.

"ಖರೇನ?" ಅವ್ವ ಚಪಾತಿ ಲಟ್ಟಿಸುತ್ತಲೇ ಕೇಳಿದಳು. "ಹಂಗ ಗಟ್ಟಿ ಹಿಡಕೊಂಡು ಕುಂತ ಕಾಳು ಮುಂದ ಏನಾತು?"

"ಮಂದಿ ಕೊಯ್ದು ಮನಿಗೆ ತಂದ್ರುಬೇ."

"ಆಮ್ಯಾಲೆ?"

"ಆಮ್ಯಾಲೆ ಬಡದ್ರು."

"ಆಮ್ಯಾಲೆ?"

"ಬೀಸಿದ್ರು."

ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಎದ್ದು ನಿಂತಳು.

"ಹಂಗಾದ್ರ ನಿಂದು ಲಟ್ಟಿಸೂದೊಂದ ಉಳದೈತಿ. ಏಳು!"