ಹಲ್ಲಿನ ಡಾಕ್ಟರನ ಆಕಾಶ

"ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ ಮೇಷ್ಟ್ರೇ. ಹಾಂ, ಹಾಗೇ ಇರಿ. ನಾನು ಕ್ಲಿನಿಕ್ ಮಾರ್ತಿದೀನಿ."

ಕುರ್ಚಿಯಲ್ಲಿ ಮಲಗಿದ್ದ ನಿವೃತ್ತ ಮೇಷ್ಟರ ಕಣ್ಣು ಅಗಲವಾದವು. ಬಾಯಲ್ಲಿ ಹತ್ತಿ, ಕನ್ನಡಿ, ಎಂಜಲು ಹೀರುವ ಕೊಳವೆ. "ಆಂ... ಆಂ?" ಎಂದರು.

"ಹೌದು, ಪೈಲಟ್ ಆಗ್ತೀನಿ. ಯಾರಿಗೂ ಹೇಳ್ಬೇಡಿ. ನಮ್ಮನೆಯವಳಿಗಂತೂ ಬೇಡವೇ ಬೇಡ."

ಹಲ್ಲಿನ ಡಾಕ್ಟರನ ಪದ್ಧತಿಯೇ ಅದು. ಮನಸ್ಸಿಗೆ ಭಾರವೆನಿಸಿದ್ದನ್ನೆಲ್ಲ ಬಾಯಿ ತೆರೆದು ಮಲಗಿದವರ ಮುಂದೆ ಇಳಿಸುತ್ತಿದ್ದ. ಅವರು ಅಡ್ಡ ಮಾತಾಡುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕುರ್ಚಿಯಿಂದ ಎದ್ದು ಹೋದಮೇಲೂ ಅವರಿಗೆ ಬಾಯಿರುತ್ತದೆ ಎಂಬುದು ಮಾತ್ರ ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

ವರ್ಷಗಟ್ಟಲೆ ಜನರ ಬಾಯೊಳಗೆ ಬಗ್ಗಿ ಇಣುಕಿ, ತಲೆಯೆತ್ತಿ ನೋಡುವ ಹುಚ್ಚು ಹಿಡಿದಿತ್ತು ಅವನಿಗೆ. ಪೆಡಲು ಒತ್ತಿ ಕುರ್ಚಿ ಏರಿಸುವಾಗಲೂ ಮನಸ್ಸಿನಲ್ಲಿ ವಿಮಾನ ಹಾರಿಸುತ್ತಿದ್ದ. ಕಣ್ಣು, ಕಿವಿ, ಎದೆ ಎಲ್ಲದರ ಪರೀಕ್ಷೆಯೂ ಮುಗಿದು ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಉಳಿದದ್ದು ಶುಲ್ಕ. ಅಲ್ಲಿ ಹಾರಾಟಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು. ಇಂಜಿನ್ನು ಗುರ್ ಎಂದರೆ ಸಾಕು, ಟ್ಯಾಕ್ಸಿ ಮೀಟರು ಓಡಿದ ಹಾಗೆ. ಬ್ಯಾಂಕಿನವರು ಅವನ ವಯಸ್ಸು ಕೇಳಿ, ನಗು ತಡೆದುಕೊಂಡು, ಚಹಾ ಕುಡಿಸಿ ಕಳಿಸಿದ್ದರು. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಈ ವಯಸ್ಸಿಗೆ ಇನ್ನೊಂದು ಸೀಟು ಕನಸಿನ ಮಾತು.

ಹೆಂಡತಿಯ ತವರಿನ ಪಾಲು ಬ್ಯಾಂಕಿನಲ್ಲಿತ್ತು, ನಿಜ. ಆದರೆ ಅದರ ಸುದ್ದಿ ಎತ್ತಿದಾಗೆಲ್ಲ ಅವಳು, "ಅದನ್ನ ಮುಟ್ಟೋ ಹಾಗಿಲ್ಲ ರೀ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಅವಳೂ ಹಲ್ಲಿನ ಡಾಕ್ಟರೇ. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಹಲ್ಲು ನೋಡುತ್ತ, ಚಹಾ ಕುಡಿಯುವ ಹೊತ್ತಿಗೂ ಗಡಿಯಾರ ನೋಡುವ ಮೇಲಧಿಕಾರಿಯ ಕೈಕೆಳಗೆ ಸಂಬಳಕ್ಕೆ ದುಡಿಯುತ್ತಿದ್ದಳು. ತಾನು ಮಾತ್ರ ಸ್ವಂತ ಕ್ಲಿನಿಕ್ ಮಾರಿ ಆಕಾಶಕ್ಕೆ ಏಣಿ ಹಾಕುತ್ತೇನೆಂದು ಯಾವ ಮುಖ ಹೊತ್ತು ಹೇಳುವುದು?

ಆ ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಅವನ ಬಲಕ್ಕೆ ನಿಂತಿದ್ದ ಹೆಂಡತಿಯ ಮೊಣಕೈ ಅವನ ಮೊಣಕೈಗೆ ಬಡಿಯಿತು. ಅವಳು ಎಂದಿನಂತೆ ಸುತ್ತಿ ಬಂದು ಎಡಕ್ಕೆ ನಿಂತಳು.

"ಮೇಷ್ಟ್ರು ಸಿಕ್ಕಿದ್ರು ದಾರೀಲಿ. ಹಲ್ಲು ಈಗ ಆರಾಮಂತೆ."

ಅವನ ಚಾಕು ನಿಂತಿತು. "ಬೇರೇನಾದ್ರೂ ಹೇಳಿದ್ರಾ?"

"ಯಾಕೆ? ಹೇಳೋಂಥದ್ದು ಏನಾದ್ರೂ ಇತ್ತಾ?"

"ಛೆ ಛೆ, ಏನಿರತ್ತೆ!"

"ನಿಮಗೆ ಏನಾದ್ರೂ ಹೇಳೋದಿದ್ಯಾ?"

"ಈರುಳ್ಳಿ ಕಣ್ಣು ಉರಿಸ್ತಿದೆ," ಎಂದ. ಹೆಚ್ಚುತ್ತಿದ್ದುದು ಸೌತೆಕಾಯಿ.

ಅದಾದ ಮೇಲೆ ಹೆಂಡತಿಯ ರೀತಿಯೇ ಬದಲಾಯಿತು. ಫೋನು ಬಂದರೆ ಬಾಲ್ಕನಿಗೆ ಹೋಗಿ ದನಿ ತಗ್ಗಿಸುತ್ತಿದ್ದಳು. ಒಂದು ಸಲ, "ಇಲ್ಲ, ಅವರಿಗಿನ್ನೂ ಗೊತ್ತಿಲ್ಲ. ಬಿಟ್ಟುಬಿಡೋದು ಅಂತ ತೀರ್ಮಾನ ಮಾಡಿಯಾಯ್ತು" ಎಂದದ್ದು ಅವನ ಕಿವಿಗೆ ಬಿತ್ತು. ಯಾರನ್ನು ಬಿಡುವುದು? ಮೇಷ್ಟ್ರು ಬಾಯಿಬಿಟ್ಟಿದ್ದಾರೆ, ಹೆಂಡತಿ ಗಂಟುಮೂಟೆ ಕಟ್ಟುತ್ತಿದ್ದಾಳೆ. ಕ್ಲಿನಿಕ್ ಮಾರುವ ಮಾತು ನಿಲ್ಲಿಸಿಬಿಡಲೇ ಎಂದುಕೊಳ್ಳುವಷ್ಟರಲ್ಲಿ, ಮಾರಾಟಕ್ಕೆಂದು ಗೊತ್ತುಮಾಡಿದ್ದ ಬ್ರೋಕರ್ ಫೋನು ಮಾಡಿದ.

"ಪಾರ್ಟಿ ಸಿಕ್ತು ಡಾಕ್ಟ್ರೇ! ಚೌಕಾಸಿನೇ ಇಲ್ಲ. ಕುರ್ಚಿ, ಮೆಷಿನ್ನು, ಬಾಡಿಗೆ ಕರಾರು, ಎಲ್ಲ ಸೇರಿ ಪೂರ್ತಿ ದುಡ್ಡು ನನ್ನ ಕೈಲಿ ಕೊಟ್ಟಿದಾರೆ. ಹೆಸರು ಈಗ್ಲೇ ಬೇಡವಂತೆ, ಸ್ವಲ್ಪ ನಾಚಿಕೆ ಸ್ವಭಾವ. ಒಂದೇ ಷರತ್ತು. ಡ್ರಿಲ್ಲು, ತಟ್ಟೆ ಎಲ್ಲಾ ಕುರ್ಚಿಯ ಬಲಗಡೆಯಿಂದ ಎಡಗಡೆಗೆ ಹಾಕಿಸಿಕೊಡ್ಬೇಕಂತೆ."

ಕಾಲೇಜಿನಿಂದ ಈಗಷ್ಟೇ ಹೊರಬಿದ್ದ ಯಾರೋ ಎಡಚ ಹುಡುಗ ಇರಬೇಕು, ಅಪ್ಪ ದುಡ್ಡಿರುವವನು, ಎಂದುಕೊಂಡ. ಮೆಕ್ಯಾನಿಕ್ಕನ್ನು ಕರೆಸಿ ಎಲ್ಲ ತಿರುಗಿಸಿದ. ತನ್ನ ಕುರ್ಚಿ ತನಗೇ ಬೆನ್ನು ಹಾಕಿದಂತೆ ಕಂಡಿತು. ಆದರೂ ಮರುದಿನ ಬೆಳಿಗ್ಗೆ ಬ್ರೋಕರನಿಂದ ದುಡ್ಡು ತೆಗೆದುಕೊಂಡು ತರಬೇತಿ ಶಾಲೆಗೆ ಹೋಗಿ ಶುಲ್ಕ ಕಟ್ಟಿಯೇಬಿಟ್ಟ.

"ಇನ್ನು ವಾಪಸ್ ಕೇಳೋ ಹಾಗಿಲ್ಲ ಸರ್," ಎಂದಳು ಕೌಂಟರಿನ ಹುಡುಗಿ.

"ಮನೆಗೆ ವಾಪಸ್ ಸೇರಿಸ್ಕೊಂಡ್ರೆ ಸಾಕಮ್ಮಾ," ಎಂದ ಅವನು.

ಹಿಂದೆ ರನ್‌ವೇಯ ಮೇಲೆ ಪುಟ್ಟ ವಿಮಾನವೊಂದು ಓಡಿ, ತಡವರಿಸಿ, ಎದ್ದೇಬಿಟ್ಟಿತು. ಅವನು ಹೆದರಿಕೆ ಮರೆತು ಮಗುವಿನ ಹಾಗೆ ಬಾಯಿ ಬಿಟ್ಟುಕೊಂಡು ನೋಡಿದ. ಇವತ್ತೇ ಹೇಳಿಬಿಡಬೇಕು. ಸಂಜೆ ಹೊಸಬರಿಗೆ ಕ್ಲಿನಿಕ್ಕಿನ ಕೀಲಿ ಕೊಟ್ಟು ನೇರ ಮನೆಗೆ. ಅವಳು ಬೈಯಲಿ, ಅಳಲಿ, ಕಾಲು ಹಿಡಿಯುವುದಾದರೆ ಹಿಡಿಯುವುದು. ಅವಳನ್ನು ಬಿಟ್ಟು ಹಾರಿದರೆ ಇಳಿಯಲು ತನಗೆ ಜಾಗವೇ ಇರುವುದಿಲ್ಲ.

ಸಂಜೆ ಕ್ಲಿನಿಕ್ಕಿನ ಬಾಗಿಲಲ್ಲಿ ಬ್ರೋಕರ್ ಹಲ್ಲು ಕಿರಿಯುತ್ತ ನಿಂತಿದ್ದ. "ನನ್ನ ಹತ್ರ ಇದ್ದ ಕೀಲಿ ಕೊಟ್ಟು ಆಗಲೇ ಒಳಗೆ ಕಳಿಸ್ಬಿಟ್ಟೆ. ಒಂದು ಮಗೂಗೆ ಹಲ್ಲುನೋವಂತೆ, ಕಾಯಿಸೋದು ಬೇಡ ಅಂದ್ರು."

ಒಳಗೆ ಹೊಸ ಡಾಕ್ಟರು ಬೆನ್ನು ತಿರುಗಿಸಿ, ಹಸಿರು ಗೌನು, ಟೋಪಿ, ಮಾಸ್ಕು ತೊಟ್ಟು ಪುಟ್ಟ ಹುಡುಗಿಯ ಬಾಯಿಯ ಮೇಲೆ ಬಗ್ಗಿದ್ದರು. ಎಡಗೈಯಲ್ಲಿ ಡ್ರಿಲ್ಲು. ಹುಡುಗಿ ಅಳುತ್ತಿರಲಿಲ್ಲ.

ಅವನು ಗಂಟಲು ಸರಿಮಾಡಿಕೊಂಡ. "ನಮಸ್ಕಾರ ಡಾಕ್ಟ್ರೇ. ಕೀಲಿ ತಂದಿದ್ದೆ."

"ಮೇಜಿನ ಮೇಲಿಟ್ಟು ಹೋಗಿ ರೀ," ಎಂದರು ಹೊಸ ಡಾಕ್ಟರು, ತಿರುಗಿಯೂ ನೋಡದೆ. "ದಾರೀಲಿ ಹಾಲು ತಗೊಂಡು, ಬಾಲ್ಕನೀಲಿರೋ ಬಟ್ಟೆ ಒಳಗೆ ಹಾಕಿ. ಇನ್ಮೇಲೆ ನಾನು ಬರೋದು ತಡ ಆಗತ್ತೆ."