ತೂತು ಬಿಡದ ಗುಂಡು

ಹುಮನಾಬಾದಿನ ಬಜಾರದಲ್ಲಿ ಬೆಸುಗೆಯ ವಾಸನೆ ಬಂದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಅಪ್ಪ ಪತ್ತಾರ. ನನ್ನ ಬಾಲ್ಯದ ಒಂದು ಮಧ್ಯಾಹ್ನ ಅವ್ವ ತೆಳು ಬಂಗಾರದ ತಗಡನ್ನು ಅಚ್ಚಿನ ಕುಳಿಯಲ್ಲಿಟ್ಟು ಬಡಿದು, ಪುಟ್ಟ ಬಟ್ಟಲಿನಂಥ ಹೋಳುಗಳನ್ನು ಮಾಡುತ್ತಿದ್ದಳು. ಎರಡು ಹೋಳು ಬೆಸೆದರೆ ಬೋರಮಾಳ ಸರದ ಒಂದು ಗುಂಡು. ಬೆಸುಗೆ ಮಾತ್ರ ಅಪ್ಪನದು.

"ಮೊದಲ ತೂತು ಹಾಕ್ರಿ, ಒಳಗಿನ ಗಾಳಿ ಹೋಗಬೇಕಲ್ರಿ" ಎಂದಳು ಅವ್ವ.

"ನನಗ ಕಲಸಾಕ ಬಂದಿ ಏನ?" ಅಪ್ಪ ಊದುಗೊಳವೆ ಊದಿದ.

ಗುಂಡು ಢಬ್ಬೆಂದು ಸಿಡಿದು ಅವ್ವನ ಕೆನ್ನೆ ಸುಟ್ಟಿತು.

ಚಿಟಗುಪ್ಪದ ಗಿರಾಕಿ ಎದುರಿಗೇ ಕೂತಿದ್ದ. ಅಪ್ಪ ಅವನತ್ತ ನಕ್ಕ: "ಹೆಂಗಸರು ಕೈ ಹಚ್ಚಿದ್ರ ಹಿಂಗ ಆಗ್ತದ ನೋಡ್ರಿ."

ಅವ್ವ ಕೆನ್ನೆಗೆ ಸೆರಗು ಒತ್ತಿಕೊಂಡಳು. ನಾನು ಸಿಡಿದ ಹೋಳುಗಳನ್ನು ಎತ್ತಿ ತಿರುಗಿಸಿ ನೋಡಿದೆ. ಯಾವುದರಲ್ಲೂ ತೂತಿರಲಿಲ್ಲ. ಗಿರಾಕಿಗೆ ತೋರಿಸಿ ಹೇಳಲು ಹೋದರೆ, ಅವ್ವನೇ ನನ್ನ ಬಾಯಿ ಮುಚ್ಚಿದಳು.